ಚಂದ್ರ ಯಾರ ಜೊತೆ ಬಂದ? ಮಕ್ಕಳ ‘ಯಾಕೆ’ಗಳನ್ನು ಆಟ ಮಾಡಿಕೊಳ್ಳುವ ದಾರಿ

ಒಂದು ರಾತ್ರಿ ನಾವು ಮೂವರೂ ನಡೆದುಕೊಂಡು ಮನೆಗೆ ಬರುತ್ತಿದ್ದೆವು. ಮಗಳಿಗೆ ಆಗ ಐದು ವರ್ಷ. ನಡೆಯುತ್ತಿದ್ದವಳು ತಟ್ಟನೆ ನಿಂತು, “ಅಮ್ಮಾ, ಚಂದ್ರ ಯಾಕೆ ನಮ್ಮ ಹಿಂದೆನೇ ಬರ್ತಿದಾನೆ?” ಎಂದಳು. ನನಗೆ ಉತ್ತರ ಗೊತ್ತಿತ್ತು. ಹೇಳಿಬಿಟ್ಟೆ. ಚಂದ್ರ ತುಂಬಾ ದೂರ ಇದ್ದಾನೆ, ಹೆಚ್ಚುಕಮ್ಮಿ 3,84,000 ಕಿಲೋಮೀಟರ್, ನಾವು ನಡೆಯೋದು ಅದರ ಮುಂದೆ ಏನೇನೂ ಅಲ್ಲ, ಅದಕ್ಕೇ ಹಾಗೆ ಕಾಣುತ್ತೆ ಅಂತ. ನಾನು ಹೇಳಿ ಮುಗಿಸುವಷ್ಟರಲ್ಲಿ ಅವಳು ಒಂದು ಕಲ್ಲನ್ನು ಒದ್ದುಕೊಂಡು ಹತ್ತು ಹೆಜ್ಜೆ ಮುಂದೆ ಹೋಗಿದ್ದಳು.

ಮರುದಿನ ಮತ್ತೆ ಅದೇ ಪ್ರಶ್ನೆ. ಈ ಸಲ ಅವಳ ಅಪ್ಪನಿಗೆ. ಅವರು ಉತ್ತರ ಹೇಳಲಿಲ್ಲ. “ಹೌದಾ? ಯಾರ ಹಿಂದೆ ಬರ್ತಾನೆ ನೋಡೇಬಿಡೋಣ. ನೀನು ಅಮ್ಮನ ಜೊತೆ ಆ ಕಡೆ ನಡಿ, ನಾನು ಈ ಕಡೆ ನಡೀತೀನಿ. ಇಬ್ಬರೂ ಚಂದ್ರನ್ನ ನೋಡ್ತಾ ಇರೋಣ” ಎಂದರು. ಇಪ್ಪತ್ತು ಹೆಜ್ಜೆ ಆದ ಮೇಲೆ ಅವಳು ಕೂಗಿದಳು: “ನನ್ನ ಜೊತೆ ಬಂದ!” ಆ ಕಡೆಯಿಂದ ಅಪ್ಪ: “ಇಲ್ವಲ್ಲಾ, ನನ್ನ ಜೊತೆ ಬಂದ!” ಮಗಳು ಗಪ್ಪನೆ ನಿಂತಳು. ಚಂದ್ರನನ್ನು ನೋಡಿದಳು, ಅಪ್ಪನನ್ನು ನೋಡಿದಳು. ಮತ್ತೊಂದು ಸಲ ನಡೆದು ನೋಡಿದಳು. ಆಮೇಲೆ ಮೆಲ್ಲಗೆ, “ಹಂಗಾದ್ರೆ ಅವನು ಎಲ್ಲಿಗೂ ಹೋಗ್ತಾನೇ ಇಲ್ಲ, ಅಲ್ವಾ?” ಎಂದಳು.

ನಾನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಅವಳು ಮಾಡುವುದಕ್ಕೆ ಅದರಲ್ಲಿ ಏನೂ ಉಳಿದಿರಲಿಲ್ಲ. ಪ್ರಶ್ನೆಗೂ ಉತ್ತರಕ್ಕೂ ನಡುವೆ ಒಂದಿಷ್ಟು ಜಾಗ ಬಿಡಬೇಕು. ಆಟ ಹುಟ್ಟುವುದು ಆ ಜಾಗದಲ್ಲೇ. ಅಲ್ಲಿಂದ ಈಚೆಗೆ ನಮ್ಮ ಮನೆಯಲ್ಲಿ ರೂಢಿಯಾಗಿರುವ ಕ್ರಮವನ್ನು ಕೆಳಗೆ ಬರೆದಿದ್ದೇನೆ. ಮೂರರಿಂದ ಎಂಟು ವರ್ಷದ ಮಕ್ಕಳಿಗೆ ಇದು ಚೆನ್ನಾಗಿ ಹೊಂದುತ್ತದೆ.

ಹಂತ 1: ಇದು ಎಂಥ ಪ್ರಶ್ನೆ ಎಂದು ಮೊದಲು ಕೇಳಿಸಿಕೊಳ್ಳಿ

ಎಲ್ಲ ಪ್ರಶ್ನೆಯನ್ನೂ ಆಟ ಮಾಡಬೇಕಿಲ್ಲ. “ಇದರ ಹೆಸರೇನು?” ಎಂದರೆ ಹೆಸರು ಹೇಳಿ, ಸಾಕು. ಅಲ್ಲಿ “ನೀನೇ ಊಹಿಸು” ಎಂದರೆ ಮಗುವಿಗೆ ರೇಗುತ್ತದೆ. “ನಾನ್ಯಾಕೆ ಈಗಲೇ ಮಲಗಬೇಕು?” ಎನ್ನುವುದು ನಿಜವಾಗಿ ಪ್ರಶ್ನೆಯೇ ಅಲ್ಲ, ಅದು ತಕರಾರು. ಅದಕ್ಕೆ ಬೇರೆ ಮದ್ದು ಬೇಕು. “ಯಾಕೆ ಹೀಗಾಗುತ್ತೆ?”, “ಹೇಗೆ?”, “ಹಂಗೆ ಮಾಡಿದ್ರೆ ಏನಾಗುತ್ತೆ?” ಇವು ಮೂರೂ ಆಟಕ್ಕೆ ಹೇಳಿ ಮಾಡಿಸಿದಂಥವು.

ಇನ್ನೊಂದು ಬಗೆಯಿದೆ. ಭಯದಿಂದ ಬರುವ ಪ್ರಶ್ನೆ. “ನೀನೂ ಸಾಯ್ತೀಯಾ?” ಎಂದು ಮಗು ಕೇಳಿದಾಗ ದಯವಿಟ್ಟು ಆಟ ಬೇಡ, ಜಾಣತನದ ಮರುಪ್ರಶ್ನೆಯೂ ಬೇಡ. ಹತ್ತಿರ ಕೂರಿಸಿಕೊಂಡು ನಿಜವನ್ನು ಸರಳ ಮಾತಿನಲ್ಲಿ ಹೇಳಿ. ಸತ್ತವರನ್ನು “ನಿದ್ದೆ ಹೋದರು” ಎಂದು ಹೇಳಬೇಡಿ. ಚಿಕ್ಕ ಮಕ್ಕಳು ಮಾತನ್ನು ಇದ್ದಂತೆಯೇ ಹಿಡಿಯುತ್ತಾರೆ. ನಾಳೆಯಿಂದ ಮಲಗುವುದಕ್ಕೇ ಹೆದರಬಹುದು.

ಕೆಲವರು ಹೇಳುತ್ತಾರೆ, ಮಕ್ಕಳು ಸುಮ್ನೆ ಗಮನ ಸೆಳೆಯೋಕೆ ಯಾಕೆ ಯಾಕೆ ಅಂತಾರೆ ಅಂತ. ನನಗೆ ಹಾಗನ್ನಿಸುವುದಿಲ್ಲ. ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಸಂಶೋಧಕರು ಶಾಲೆಗೆ ಹೋಗುವ ವಯಸ್ಸಿಗಿಂತ ಮೊದಲಿನ ಮಕ್ಕಳ ಮಾತುಕತೆಯನ್ನು ಗಮನಿಸಿ 2009ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕಾರಣ ಸಿಕ್ಕಾಗ ಮಕ್ಕಳು ಒಪ್ಪುತ್ತಿದ್ದರು, ಇಲ್ಲವೇ ಅದರ ಮುಂದಿನ ಪ್ರಶ್ನೆ ಕೇಳುತ್ತಿದ್ದರು. ಕಾರಣ ಸಿಗದೆ ಬರೀ ಏನೋ ಒಂದು ಮಾತು ಸಿಕ್ಕಾಗ ಮೊದಲಿನ ಪ್ರಶ್ನೆಯನ್ನೇ ಮತ್ತೆ ಕೇಳುತ್ತಿದ್ದರು, ಇಲ್ಲವೇ ತಾವೇ ಒಂದು ಕಾರಣ ಕಟ್ಟುತ್ತಿದ್ದರು. ಬರೀ ಗಮನ ಸಾಕಾಗಿದ್ದರೆ ಯಾವ ಮಾತಾದರೂ ನಡೆಯುತ್ತಿತ್ತಲ್ಲ. ಮಗು ಅದೇ ಪ್ರಶ್ನೆಯನ್ನು ನಾಲ್ಕನೇ ಸಲ ಕೇಳಿದರೆ ನನಗೀಗ ಮೊದಲು ಬರುವ ಅನುಮಾನ, ನಾವು ಇನ್ನೂ ಉತ್ತರವನ್ನೇ ಕೊಟ್ಟಿಲ್ಲವೇನೋ ಎಂದು.

ಹಂತ 2: ಬಾಯಿ ಬಿಡುವ ಮೊದಲು ಮೂರು ಎಣಿಸಿ

ಕೇಳಲು ಚಿಕ್ಕ ವಿಷಯ, ಮಾಡಲು ಬಹಳ ಕಷ್ಟ. ಮೇರಿ ಬಡ್ ರೋ ಎಂಬ ಅಮೆರಿಕದ ಶಿಕ್ಷಣತಜ್ಞೆ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣ ಕೇಳಿ ಒಂದು ವಿಷಯ ಕಂಡುಕೊಂಡರು. ಪ್ರಶ್ನೆ ಕೇಳಿದ ಶಿಕ್ಷಕರು ಮಕ್ಕಳ ಉತ್ತರಕ್ಕಾಗಿ ಸುಮಾರು ಒಂದು ಸೆಕೆಂಡು ಮಾತ್ರ ಕಾಯುತ್ತಿದ್ದರು. ಆ ಒಂದನ್ನು ಮೂರು ಸೆಕೆಂಡು ಮಾಡಿದಾಗ ಮಕ್ಕಳ ಉತ್ತರ ಉದ್ದವಾಯಿತು, ಸುಮ್ಮನೆ ಕೂರುತ್ತಿದ್ದವರೂ ಬಾಯಿ ಬಿಟ್ಟರು, ಮಕ್ಕಳೇ ಕೇಳುವ ಪ್ರಶ್ನೆಗಳೂ ಹೆಚ್ಚಿದವು.

ಮನೆಯಲ್ಲಿ ಇದನ್ನು ಹೀಗೆ ಮಾಡಿ. ಮಗು ಪ್ರಶ್ನೆ ಕೇಳಿತು. ಅದರ ಮುಖ ನೋಡಿ. ಮನಸ್ಸಿನಲ್ಲಿ ಒಂದು, ಎರಡು, ಮೂರು. ಆಮೇಲೆ, “ಅರೆ, ಹೌದಲ್ಲ! ನಿಂಗೇನನ್ಸುತ್ತೆ?” ಎನ್ನಿ. ಮತ್ತೆ ಮೂರು ಎಣಿಸಿ. ಎಷ್ಟೋ ಸಲ ಎರಡನೇ ಮೂರು ಮುಗಿಯುವುದರೊಳಗೆ ಮಗುವಿನ ತಲೆಯೊಳಗಿನ ಕತೆ ಹೊರಗೆ ಬರುತ್ತದೆ. ಪ್ರಶ್ನೆ ಕೇಳುವ ಮೊದಲೇ ಅದರ ಬಳಿ ಒಂದು ಉತ್ತರ ಇರುತ್ತದೆ. ಅದನ್ನು ಕೇಳುವವರು ಬೇಕಾಗಿರುತ್ತದೆ, ಅಷ್ಟೆ.

ಹಂತ 3: ಮೊದಲು ಊಹೆ, ಆಮೇಲೆ ನೋಟ

ಆಟಕ್ಕೆ ರುಚಿ ಬರುವುದು ಇಲ್ಲಿ. ನೋಡುವ ಮೊದಲು ಎಲ್ಲರೂ ಒಂದೊಂದು ಊಹೆ ಹೇಳಬೇಕು. ದೊಡ್ಡವರೂ ಹೇಳಬೇಕು. ಮಗು ಸೇರಿಕೊಂಡಿರುವ ಆಟದಲ್ಲಿ ನೀವು ಮಾತ್ರ ತೀರ್ಪುಗಾರರಾಗಿ ಕೂರಬೇಡಿ.

ಒಂದು ಉದಾಹರಣೆ. ಲೋಟಕ್ಕೆ ಎರಡು ಐಸ್ ತುಂಡು ಹಾಕಿ, ಅಂಚಿನವರೆಗೂ ನೀರು ತುಂಬಿಸಿ. ಐಸ್ ನೀರಿನ ಮೇಲೆ ತಲೆ ಎತ್ತಿಕೊಂಡು ತೇಲುತ್ತಿರಬೇಕು. ಈಗ ಕೇಳಿ: “ಇದು ಪೂರ್ತಿ ಕರಗಿದ ಮೇಲೆ ನೀರು ಚೆಲ್ಲುತ್ತಾ?” ನಮ್ಮ ಮನೆಯಲ್ಲಿ ಎಲ್ಲರೂ ಚೆಲ್ಲುತ್ತೆ ಎಂದೇ ಹೇಳಿದೆವು. ಮಗಳು ಲೋಟದ ಕೆಳಗೆ ಒಂದು ಬಟ್ಟೆಯನ್ನೂ ಹಾಸಿದಳು. ಅರ್ಧ ಗಂಟೆ ಆದರೂ ಒಂದು ಹನಿ ಚೆಲ್ಲಲಿಲ್ಲ. ಅವಳು ಬಟ್ಟೆಯನ್ನು ಎತ್ತಿ ಎತ್ತಿ ಮುಟ್ಟಿ ನೋಡಿದಳು, ಒಣಗಿಕೊಂಡೇ ಇತ್ತು. ನೀರು ಐಸ್ ಆಗುವಾಗ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ. ಮೇಲೆ ತಲೆ ಎತ್ತಿರುವುದು ಆ ಹಿಗ್ಗಿದ ಪಾಲು. ಕರಗಿದಾಗ ಅದು ಮತ್ತೆ ಕುಗ್ಗಿ, ನೀರಿನಲ್ಲಿ ತಾನು ಹಿಡಿದಿದ್ದ ಜಾಗದಲ್ಲೇ ಸರಿಯಾಗಿ ಕೂರುತ್ತದೆ.

ಅಮ್ಮನ ಊಹೆಯೂ ತಪ್ಪಾಯಿತು ಎಂದು ಅವತ್ತು ಅವಳಿಗೆ ಆದ ಸಂತೋಷ ಇನ್ನೂ ನನ್ನ ಕಣ್ಣ ಮುಂದಿದೆ. ಊಹೆ ತಪ್ಪಾದರೆ ಅವಮಾನ ಅಲ್ಲ ಎಂಬುದನ್ನು ಮಗು ಕಲಿಯುವುದು ನಾವು ತಪ್ಪಿದಾಗ ಹೇಗಿರುತ್ತೇವೆ ಎಂಬುದನ್ನು ನೋಡಿ.

ಹಂತ 4: ಕೈಗೆ ಒಂದು ಕೆಲಸ ಕೊಡಿ

ಇದಕ್ಕೆ ದುಡ್ಡು ಕೊಟ್ಟು ತರುವ ಸಾಮಾನೇನೂ ಬೇಡ. ಒಂದು ಟಾರ್ಚ್, ಒಂದಿಷ್ಟು ಲೋಟ, ಸೀಮೆಸುಣ್ಣ, ಚಮಚ, ನೀರು. ಪದೇ ಪದೇ ಬರುವ ಕೆಲವು ಪ್ರಶ್ನೆಗಳನ್ನೂ ಅವಕ್ಕೆ ನಾವು ಮಾಡಿದ್ದನ್ನೂ ಬರೆಯುತ್ತೇನೆ.

“ನನ್ನ ನೆರಳು ಯಾಕೆ ಉದ್ದ?” ಬಿಸಿಲು ಬೀಳುವ ನೆಲದ ಮೇಲೆ ಬೆಳಿಗ್ಗೆ ಮಗುವನ್ನು ನಿಲ್ಲಿಸಿ. ಪಾದದ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ, ನೆರಳಿನ ತಲೆ ಎಲ್ಲಿದೆಯೋ ಅಲ್ಲೊಂದು ಗುರುತು. ಮಧ್ಯಾಹ್ನ ಅದೇ ಪಾದದ ಗುರುತಿನ ಮೇಲೆ ಮತ್ತೆ ನಿಲ್ಲಿಸಿ, ಸಂಜೆ ಮತ್ತೊಮ್ಮೆ. ಮಧ್ಯಾಹ್ನ ನೆರಳು ಗಿಡ್ಡವಾಗಿರುತ್ತದೆ, ಸಂಜೆ ಮತ್ತೆ ಉದ್ದವಾಗಿ ಬೇರೆ ಕಡೆಗೆ ತಿರುಗಿರುತ್ತದೆ. ರಾತ್ರಿ ದೀಪ ಆರಿಸಿ, ಮೇಜಿನ ಮೇಲೆ ಒಂದು ಗೊಂಬೆ ನಿಲ್ಲಿಸಿ ಟಾರ್ಚನ್ನು ‘ಸೂರ್ಯ’ ಮಾಡಿ. ಮಗುವೇ ಸೂರ್ಯನನ್ನು ಮೇಲೆ ಕೆಳಗೆ ಮಾಡಲಿ. ಸೂರ್ಯ ಕೆಳಗಿದ್ದರೆ ನೆರಳು ಉದ್ದ, ನೆತ್ತಿಯ ಮೇಲಿದ್ದರೆ ಗಿಡ್ಡ. ಬೆಳಿಗ್ಗೆ ನೆಲದ ಮೇಲೆ ಕಂಡದ್ದು ರಾತ್ರಿ ಕೈಯಲ್ಲೇ ಆಗುತ್ತದೆ. ಒಂದು ಎಚ್ಚರಿಕೆ, ಸೂರ್ಯನನ್ನು ನೇರವಾಗಿ ನೋಡಬಾರದು ಎಂದು ಆಟ ಶುರುವಾಗುವ ಮೊದಲೇ ಹೇಳಿಬಿಡಿ.

“ಗುಡುಗು ನಮ್ಮ ಮನೆ ಮೇಲೆ ಬೀಳುತ್ತಾ?” ಭಯದ ಪ್ರಶ್ನೆಯಾದರೂ ಇದಕ್ಕೆ ಮಾತ್ರ ಆಟ ಒಳ್ಳೆಯ ಮದ್ದು. ಮೊದಲು ಅಪ್ಪಿಕೊಳ್ಳಿ, ಆಟ ಆಮೇಲೆ. ಮನೆಯೊಳಗೇ ಕುಳಿತು, ಮಿಂಚು ಕಂಡ ತಕ್ಷಣ ಇಬ್ಬರೂ ಸೇರಿ ಎಣಿಸಿ. ಗುಡುಗು ಕೇಳಿದಾಗ ನಿಲ್ಲಿಸಿ. ಬೆಳಕು ಕಣ್ಣಿಗೆ ಆ ಕ್ಷಣವೇ ಬರುತ್ತದೆ, ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್‌ನಂತೆ ನಿಧಾನಕ್ಕೆ ಬರುತ್ತದೆ. ಹಾಗಾಗಿ ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್ ಎಂದು ಲೆಕ್ಕ. ಒಂಬತ್ತು ಎಣಿಸಿದರೆ ಮಿಂಚು ಮೂರು ಕಿಲೋಮೀಟರ್ ದೂರದಲ್ಲಿ ಹೊಡೆದಿದೆ. ನಮ್ಮ ಮಗಳು ಮೊದಲ ಮಿಂಚಿಗೆ ನನ್ನ ತೋಳು ಬಿಗಿಯಾಗಿ ಹಿಡಿದುಕೊಂಡಿದ್ದಳು. ಆರನೆಯ ಮಿಂಚಿನ ಹೊತ್ತಿಗೆ ಕಿಟಕಿ ಕಡೆ ಮುಖ ಮಾಡಿ ಕುಳಿತು, “ಈ ಸಲ ಹದಿನಾಲ್ಕು! ದೂರ ಹೋಗ್ತಿದೆ!” ಎಂದು ವರದಿ ಕೊಡುತ್ತಿದ್ದಳು. ಎಣಿಕೆ ಜಾಸ್ತಿಯಾಗುತ್ತಾ ಹೋದರೆ ಮಳೆ ದೂರ ಸರಿಯುತ್ತಿದೆ ಎಂದು ಅವಳೇ ಕಂಡುಕೊಂಡಿದ್ದಳು.

“ಇರುವೆಗೆ ದಾರಿ ಹೇಗೆ ಗೊತ್ತಾಗುತ್ತೆ?” ಸಾಲು ಹೋಗುತ್ತಿರುವಲ್ಲಿ ಕುಳಿತು ಮೊದಲು ಐದು ನಿಮಿಷ ಬರೀ ನೋಡಿ. ಆಮೇಲೆ ಒದ್ದೆ ಬಟ್ಟೆಯಿಂದ ಸಾಲಿನ ಒಂದು ಬೆರಳಗಲದ ಜಾಗವನ್ನು ಮೆಲ್ಲಗೆ ಒರೆಸಿ, ಇರುವೆಗಳಿಗೆ ತಾಗದಂತೆ. ಅಲ್ಲಿಗೆ ಬಂದ ಇರುವೆಗಳು ತಡಬಡಾಯಿಸುತ್ತವೆ, ಆ ಕಡೆ ಈ ಕಡೆ ಹುಡುಕುತ್ತವೆ. ಸ್ವಲ್ಪ ಹೊತ್ತಿಗೆ ಯಾವುದೋ ಒಂದು ದಾಟುತ್ತದೆ, ಹಿಂದೆಯೇ ಉಳಿದವೂ ಬರುತ್ತವೆ. ನಡೆಯುವಾಗ ಅವು ನೆಲದ ಮೇಲೆ ಒಂದು ವಾಸನೆಯ ಗುರುತು ಬಿಡುತ್ತವೆ. ನಾವು ಒರೆಸಿದ್ದು ಅದನ್ನೇ. ಕಣ್ಣಿಗೆ ಕಾಣದ ರಸ್ತೆಯೊಂದು ನೆಲದ ಮೇಲಿತ್ತು ಎಂದು ಗೊತ್ತಾದಾಗ ಮಗುವಿನ ಮುಖ ನೋಡಬೇಕು.

“ಆಕಾಶ ಯಾಕೆ ನೀಲಿ?” ಈ ಪ್ರಶ್ನೆ ಬಂದೇ ಬರುತ್ತದೆ. ಗಾಜಿನ ದೊಡ್ಡ ಪಾತ್ರೆಯಲ್ಲಿ ನೀರು ತುಂಬಿ, ನಾಲ್ಕೈದು ಹನಿ ಹಾಲು ಬೆರೆಸಿ. ಕೋಣೆ ಕತ್ತಲು ಮಾಡಿ ಒಂದು ಬದಿಯಿಂದ ಟಾರ್ಚ್ ಬಿಡಿ. ಪಕ್ಕದಿಂದ ನೋಡಿದರೆ ನೀರಿಗೆ ತೆಳು ನೀಲಿಯ ಛಾಯೆ. ಎದುರು ತುದಿಯಿಂದ ನೋಡಿದರೆ ಟಾರ್ಚಿನ ಬೆಳಕು ಹಳದಿ, ಕೇಸರಿ. ಬಣ್ಣ ಬಹಳ ತೆಳುವಾಗಿರುತ್ತದೆ, ಹಾಲು ಜಾಸ್ತಿಯಾದರೆ ಕಾಣುವುದೇ ಇಲ್ಲ. ಮೊದಲು ನೀವೊಬ್ಬರೇ ಮಾಡಿ ನೋಡಿಕೊಳ್ಳಿ. ಬೆಳಕಿನೊಳಗಿನ ನೀಲಿ ಬೇಗ ಚೆದುರಿ ಎಲ್ಲ ಕಡೆ ಹರಡುತ್ತದೆ, ಕೆಂಪು ಅಷ್ಟಾಗಿ ಚೆದುರದೆ ಮುಂದೆ ಸಾಗುತ್ತದೆ. ಆಕಾಶದಲ್ಲಿ ಈ ಕೆಲಸ ಮಾಡುವುದು ಗಾಳಿ. ಸಂಜೆ ಬೆಳಕು ಜಾಸ್ತಿ ಗಾಳಿಯನ್ನು ದಾಟಿ ಬರಬೇಕು, ಅದಕ್ಕೇ ಸೂರ್ಯ ಮುಳುಗುವಾಗ ಕೆಂಪು.

ಚಮಚದಲ್ಲಿ ಮುಖ ತಲೆಕೆಳಗಾಗುವುದಕ್ಕೆ ಹೆಚ್ಚು ತಯಾರಿಯೇನೂ ಬೇಡ. ಒಳಗಿನ ತಗ್ಗಿನಲ್ಲಿ ತಲೆಕೆಳಗು, ಹಿಂಬದಿಯ ಉಬ್ಬಿನಲ್ಲಿ ನೇರ. ತಗ್ಗಿನ ಬದಿಗೆ ಬೆರಳನ್ನು ಮೆಲ್ಲಮೆಲ್ಲನೆ ತೀರಾ ಹತ್ತಿರ ತನ್ನಿ. ಒಂದು ಕಡೆ ಬೆರಳು ತಟ್ಟನೆ ನೆಟ್ಟಗಾಗುತ್ತದೆ. ಆ ಜಾಗ ಹುಡುಕುವುದೇ ಆಟ.

ನೀರು, ಐಸ್, ಸಣ್ಣ ವಸ್ತು ಏನೇ ಇರಲಿ, ಚಿಕ್ಕವರನ್ನು ಒಬ್ಬರನ್ನೇ ಬಿಟ್ಟು ಎದ್ದು ಹೋಗಬೇಡಿ.

ಹಂತ 5: ಉತ್ತರ ಎರಡು ವಾಕ್ಯ, ಆಮೇಲೆ ನಿಲ್ಲಿಸಿ

ಕೈ ಕೆಲಸ ಮುಗಿದ ಮೇಲೆ ಉತ್ತರ ಹೇಳಲೇಬೇಕು. “ನೀನೇ ಕಂಡುಕೋ” ಎಂದು ಕೊನೆಯವರೆಗೂ ಎಳೆಯುವುದು ಮಗುವಿಗೆ ಮಾಡುವ ಅನ್ಯಾಯ. ಆದರೆ ಎರಡು ವಾಕ್ಯ ಸಾಕು. ಮಗು ಕಂಡದ್ದನ್ನೇ ಹಿಡಿದು ಹೇಳಿ: “ನೋಡಿದ್ಯಲ್ಲ, ಟಾರ್ಚ್ ಕೆಳಗೆ ಬಂದಾಗ ನೆರಳು ಉದ್ದ ಆಯ್ತು. ಸಂಜೆ ಸೂರ್ಯನೂ ಹಂಗೇ ಕೆಳಗೆ ಬಂದಿರ್ತಾನೆ.” ಅಷ್ಟೆ. ಇನ್ನೂ ಬೇಕಿದ್ದರೆ ಅದೇ ಕೇಳುತ್ತದೆ. ಕೇಳದೆ ಆಡಲು ಓಡಿದರೆ ಓಡಲಿ.

ಎಲ್ಲ ವಯಸ್ಸಿಗೂ ಎಲ್ಲ ಉತ್ತರ ಹಿಡಿಸುವುದಿಲ್ಲ. ಒಂದೇ ಅಳತೆಯ ನೀರನ್ನು ಒಂದು ಅಗಲ ಲೋಟಕ್ಕೂ ಒಂದು ಸಪೂರ, ಎತ್ತರದ ಲೋಟಕ್ಕೂ ಮಗುವಿನ ಮುಂದೆಯೇ ಹಾಕಿ, ಯಾವುದರಲ್ಲಿ ಜಾಸ್ತಿ ಎಂದು ಕೇಳಿ. ನಾಲ್ಕೈದು ವರ್ಷದ ಮಗು ಎತ್ತರದ ಲೋಟವನ್ನೇ ತೋರಿಸುತ್ತದೆ. ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ಇದನ್ನು ಮಕ್ಕಳ ಮುಂದಿಟ್ಟು ನೋಡಿದವರು. ಆರು ವರ್ಷದ ಒಂದೇ ಮಗು ಕೇಳಿದ 1,125 ಪ್ರಶ್ನೆಗಳನ್ನು ವಿಂಗಡಿಸಿ ನೋಡಿದವರೂ ಅವರೇ. ಎತ್ತರದ ಲೋಟ ತೋರಿಸಿದ ಮಗುವಿನ ಜೊತೆ ವಾದಕ್ಕೆ ಇಳಿಯಬೇಡಿ. ನೀರನ್ನು ವಾಪಸ್ ಸುರಿದು ತೋರಿಸಿ, ಒಪ್ಪದಿದ್ದರೆ ಬಿಡಿ. ಆರು ತಿಂಗಳ ನಂತರ ಮತ್ತೆ ಕೇಳಿ. ಏಳರ ಆಸುಪಾಸಿಗೆ ಆ ಮಗುವೇ “ಅಯ್ಯೋ, ಎರಡೂ ಒಂದೇ ಅಲ್ವಾ!” ಎನ್ನುತ್ತದೆ.

ಹಂತ 6: ಗೊತ್ತಿಲ್ಲದಿದ್ದರೆ, ತಪ್ಪು ಹೇಳಿದ್ದರೆ

“ನಂಗೂ ಗೊತ್ತಿಲ್ಲ, ಬಾ ಹುಡುಕೋಣ” ಎಂದರೆ ಸಾಕು. ಆದರೆ ಹುಡುಕಲೇಬೇಕು, ಅಂದೇ ಅಥವಾ ಮರುದಿನ. ಮಾತು ಅಲ್ಲಿಗೇ ನಿಂತರೆ ಮುಂದಿನ ಸಲ ಮಗು ನಂಬುವುದಿಲ್ಲ.

ಸ್ನಾನದ ನೀರಿನಲ್ಲಿ ಬೆರಳು ಸುಕ್ಕಾಗುವುದು ಚರ್ಮ ನೀರು ಕುಡಿದು ಉಬ್ಬುವುದರಿಂದ ಎಂದು ನಾನು ಮಗಳಿಗೆ ಖಡಾಖಂಡಿತವಾಗಿ ಹೇಳಿದ್ದೆ. ನನಗೆ ಯಾರೋ ಹಾಗೆ ಹೇಳಿದ್ದರು. ಆಮೇಲೆ ಓದಿದಾಗ ತಿಳಿಯಿತು: ನರಗಳ ಸೂಚನೆಯಿಂದ ಬೆರಳ ತುದಿಯ ರಕ್ತನಾಳಗಳು ಕುಗ್ಗುತ್ತವೆ, ಒಳಗಿನ ಗಾತ್ರ ಕಡಿಮೆಯಾಗಿ ಮೇಲಿನ ಚರ್ಮ ಮಡಿಕೆ ಬೀಳುತ್ತದೆ. ಬೆರಳಿನ ನರಕ್ಕೆ ಪೆಟ್ಟಾಗಿದ್ದರೆ ಆ ಬೆರಳು ನೀರಿನಲ್ಲಿ ಸುಕ್ಕಾಗುವುದೇ ಇಲ್ಲ. ಅಂದು ರಾತ್ರಿ ಅವಳನ್ನು ಕೂರಿಸಿಕೊಂಡು, “ಪುಟ್ಟಿ, ಅವತ್ತು ನಾನು ಹೇಳಿದ್ದು ತಪ್ಪಾಗಿತ್ತು” ಎಂದೆ. ಅವಳು ಸ್ವಲ್ಪ ಹೊತ್ತು ನನ್ನನ್ನೇ ನೋಡಿದಳು. “ಹಂಗಾದ್ರೆ ಇನ್ನೊಂದ್ಸಲ ನೀರಲ್ಲಿ ಕೈ ಇಟ್ಟು ನೋಡೋಣ” ಎಂದಳು. ಇಬ್ಬರೂ ಬಕೆಟ್‌ನಲ್ಲಿ ಕೈ ಇಟ್ಟು ಕೂತೆವು. ಸುಕ್ಕು ಯಾವ ಬೆರಳಿಗೆ ಮೊದಲು ಬರುತ್ತೆ ಅಂತ ಪಂದ್ಯ.

ಹಂತ 7: ಸಮಯ ಇಲ್ಲದಾಗ

ಎಲ್ಲ ಹೊತ್ತಿನಲ್ಲೂ ಇದು ಆಗುವ ಮಾತಲ್ಲ. ಬಾಗಿಲು ಹಾಕಿ ಹೊರಡುವ ಗಡಿಬಿಡಿಯಲ್ಲಿ “ಕಣ್ಣೀರು ಯಾಕೆ ಉಪ್ಪು?” ಎಂದರೆ ಆಟ ಕಟ್ಟಲು ಯಾರಿಗಾಗುತ್ತದೆ? ಅದಕ್ಕೊಂದು ಡಬ್ಬಿ ಇಟ್ಟಿದ್ದೇವೆ. ಪ್ರಶ್ನೆಯನ್ನು ಚೀಟಿಯಲ್ಲಿ ಬರೆದು ಅದರಲ್ಲಿ ಹಾಕುವುದು. ಬರೆಯಲು ಬಾರದ ಮಗು ಚಿತ್ರ ಬಿಡಿಸಬಹುದು. ರಜಾದಿನ ಒಂದು ಚೀಟಿ ಎತ್ತುವುದು. ಒಂದೇ, ಎರಡಲ್ಲ.

ಕಾದ ಪ್ರಶ್ನೆ ಹಳಸುವುದಿಲ್ಲ. 1943ರಲ್ಲಿ ಎಡ್ವಿನ್ ಲ್ಯಾಂಡ್ ಎಂಬ ಅಮೆರಿಕದ ವಿಜ್ಞಾನಿ ರಜೆಯಲ್ಲಿ ಮಗಳ ಫೋಟೊ ತೆಗೆದರು. ಮೂರು ವರ್ಷದ ಅವಳು, ಫೋಟೊ ಈಗಲೇ ಯಾಕೆ ನೋಡೋಕಾಗಲ್ಲ ಎಂದು ಕೇಳಿದಳು. ಅಪ್ಪ ಆ ಪ್ರಶ್ನೆಯನ್ನು ತಲೆಯಲ್ಲಿಟ್ಟುಕೊಂಡು ಒಬ್ಬರೇ ಸುತ್ತಾಡಲು ಹೋದರು. ತೆಗೆದ ಕೂಡಲೇ ಫೋಟೊ ಕೈಗೆ ಕೊಡುವ ಪೊಲರಾಯ್ಡ್ ಕ್ಯಾಮೆರಾವನ್ನು ಅವರು ಜಗತ್ತಿಗೆ ತೋರಿಸಿದ್ದು 1947ರಲ್ಲಿ. ಮಗಳಿಗೆ ಉತ್ತರ ಸಿಗಲು ನಾಲ್ಕು ವರ್ಷ ಹಿಡಿಯಿತು.

ಆಟ ಕೆಡುವುದು ಎಲ್ಲಿ

ನನ್ನ ಅನುಭವದಲ್ಲಿ ಆಟ ಕೆಡುವುದು ಒಂದೇ ಕಡೆ, ಅದು ಪರೀಕ್ಷೆಯಾದಾಗ. ನೆಂಟರು ಬಂದಾಗ “ಆಕಾಶ ಯಾಕೆ ನೀಲಿ ಹೇಳು ಪುಟ್ಟಿ” ಎಂದು ನಾನೂ ಒಮ್ಮೆ ಕೇಳಿದ್ದೆ. ಅವಳು ನನ್ನ ಹಿಂದೆ ಅಡಗಿಕೊಂಡಳು. ಆಮೇಲೆ ಸುಮಾರು ದಿನ ಆಕಾಶದ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಈಗ ನಾನು ಹಾಗೆ ಕೇಳುವುದಿಲ್ಲ. ಮಗು ತಾನಾಗಿ ಯಾರಿಗಾದರೂ ಹೇಳಿಕೊಟ್ಟರೆ ಪಕ್ಕದಲ್ಲಿ ಸುಮ್ಮನೆ ಕೂತು ಕೇಳುತ್ತೇನೆ.

ಕಳೆದ ವಾರ ಡಬ್ಬಿಯಿಂದ ಎತ್ತಿದ ಚೀಟಿಯಲ್ಲಿ ಹೀಗಿತ್ತು: “ನೆರಳಿಗೆ ಯಾಕೆ ನೆರಳಿಲ್ಲ?” ಮೂವರೂ ಊಹೆ ಬರೆದಿಟ್ಟಿದ್ದೇವೆ. ಒಂದು ಟಾರ್ಚ್ ಸಾಲದು ಎಂದು ಮಗಳ ಅಭಿಪ್ರಾಯ. ಎರಡನೆಯದಕ್ಕೆ ಸೆಲ್ ಹಾಕಿ ಇಟ್ಟಿದ್ದಾಳೆ. ಇವತ್ತು ಕತ್ತಲಾಗುವುದನ್ನೇ ಕಾಯುತ್ತಿದ್ದೇವೆ.